ತಲೆ ಮಾತ್ರ ನನ್ನದು

ನಮ್ಮ ಮನೆಯ ಹಾಲಿನ ಗೋಡೆಗೆ ಎರಡೇ ಮೊಳೆ. ಒಂದು ಗಡಿಯಾರಕ್ಕೆ, ಇನ್ನೊಂದು ಕ್ಯಾಲೆಂಡರಿಗೆ. ಮೂರನೆಯದನ್ನು ಹೊಡೆಯಲು ನನ್ನ ಉಮ್ಮ, ಅಂದರೆ ತಾಯಿ, ಬದುಕಿರುವವರೆಗೆ ಬಿಡಲಿಲ್ಲ. ಮನುಷ್ಯರ ಚಿತ್ರ ತೂಗುಹಾಕಿದ ಮನೆಗೆ ದೇವದೂತರು ಕಾಲಿಡುವುದಿಲ್ಲ ಎಂಬುದು ಅವರ ನಂಬಿಕೆ. ನಮ್ಮ ಬ್ಯಾರಿ ಮುಸ್ಲಿಮರ ಎಷ್ಟೋ ಮನೆಗಳಲ್ಲಿ ಹೀಗೆಯೇ. ಫೋಟೋ ತೆಗೆಸುವುದೇ ಇಲ್ಲ ಎಂದಲ್ಲ. ಗಲ್ಫಿನವರ ಮನೆ, ಆಲ್ಬಮ್ಮುಗಳಿಗೇನು ಬರ? ಆದರೆ ಅವು ಇರುವುದು ಕಪಾಟಿನ ಕೆಳಗಿನ ಖಾನೆಯಲ್ಲಿ, ಕಂಬಳಿಗಳ ಅಡಿಯಲ್ಲಿ, ನುಸಿಗುಳಿಗೆಯ ವಾಸನೆಯ ಜೊತೆ. ಉಮ್ಮ ತೀರಿಕೊಂಡು ಎಂಟು ವರ್ಷವಾದರೂ ಮೂರನೆಯ ಮೊಳೆ ಹೊಡೆಯುವ ಧೈರ್ಯ ನನಗಾಗಲೀ ನನ್ನ ಹೆಂಡತಿಗಾಗಲೀ ಬಂದಿರಲಿಲ್ಲ.

ಮಡಂತ್ಯಾರಿನ ಈ ಮನೆಯನ್ನು ಕಟ್ಟಿಸಿದ್ದು ನಾನು. ವಾಸ ಮಾಡಿದ್ದು ಕಡಿಮೆ. ಇಪ್ಪತ್ತನಾಲ್ಕು ವರ್ಷ ಸೌದಿಯ ದಮ್ಮಾಮಿನಲ್ಲಿದ್ದೆ, ಒಂದು ದಿನಸಿ ಗೋದಾಮಿನ ಸ್ಟೋರ್ ಕೀಪರ್ ಆಗಿ. ಊರಿಗೆ ಬಂದು ಕೂತು ಐದು ವರ್ಷವಾಯಿತು. ಇರುವುದು ಒಬ್ಬಳೇ ಮಗಳು. ನಾನು ವಿಮಾನ ಹತ್ತಿದಾಗ ಅವಳಿಗೆ ಎಂಟು ತಿಂಗಳು. ಮೊದಲ ಕಂಪೆನಿ ಮುಳುಗಿ, ಕಾಗದಪತ್ರ ಸಿಕ್ಕಿಕೊಂಡು, ಎರಡನೆಯ ಕಡೆ ಕೆಲಸ ಗಟ್ಟಿಯಾಗಿ ಮೊದಲ ರಜೆಯಲ್ಲಿ ಊರಿಗೆ ಬಂದಾಗ ಅವಳಿಗೆ ಆರು ತುಂಬಿತ್ತು. ಸೂಟ್‌ಕೇಸ್ ಇಳಿಸುತ್ತಿದ್ದೆ. ಬಾಗಿಲ ಮರೆಯಲ್ಲಿ ನಿಂತು ಒಳಗೆ ಕೂಗಿದಳು, “ಉಮ್ಮಾ, ಅವರು ಬಂದ್ರು.” ಉಪ್ಪ, ಅಂದರೆ ಅಪ್ಪ, ಬಂದರು ಅನ್ನಲಿಲ್ಲ. ಅವರು ಬಂದರು. ಆ ಮಾತು ನನ್ನ ಎದೆಯಲ್ಲಿ ಈಗಲೂ ಹಾಗೇ ಉಂಟು.

ಈಗ ಅವಳಿಗೆ ಮೂವತ್ತು. ಮೂಡುಬಿದಿರೆಯಲ್ಲಿ ಗಂಡನ ಮನೆ, ಅಲ್ಲೇ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಭಾನುವಾರ ಗುರುವಾಯನಕೆರೆಯಲ್ಲಿ ಬಸ್ಸು ಬದಲಾಯಿಸಿ ಬರುತ್ತಾಳೆ. ಬಂದವಳು ಸೀದಾ ಅಡುಗೆಮನೆಗೆ. ಅಲ್ಲಿ ತಾಯಿ ಮಗಳು ಸೇರಿದರೆ ಮಾತೇ ಮಾತು, ನಗೆಯೇ ನಗೆ. ಹಾಲಿನಲ್ಲಿ ಪೇಪರ್ ಹಿಡಿದು ಕೂತ ನನ್ನ ಹತ್ತಿರ ಬಂದಾಗ ಮಾತ್ರ ಮಾತು ನಿಂತುಹೋಗುತ್ತದೆ. “ಊಟ ಆಯ್ತಾ ಉಪ್ಪ?” “ಆಯ್ತು.” “ಬಿಪಿ ಮಾತ್ರೆ?” “ತಿಂದೆ.” “ಸರಿ.” ದಮ್ಮಾಮಿನ ಟೆಲಿಫೋನ್ ಬೂತಿನಲ್ಲಿ ಕಾರ್ಡು ಮುಗಿಯುವ ಹೊತ್ತಿಗೆ ನಾವು ಮಾತಾಡುತ್ತಿದ್ದದ್ದು ಹೀಗೆಯೇ. ಮುಖ ಎದುರಿಗೆ ಬಂದಿದೆ, ಮಾತು ಇನ್ನೂ ಆ ಕಡೆಯೇ ಉಳಿದಿದೆ. ಅವಳು ಕೆಟ್ಟವಳಲ್ಲ. ಗೌರವಕ್ಕೆ ಎಳ್ಳಷ್ಟೂ ಕೊರತೆ ಮಾಡಿದವಳಲ್ಲ. ನನಗೆ ಬೇಕಾದದ್ದು ಗೌರವ ಅಲ್ಲ ಮಾರಾಯ್ರೆ, ಒಂದು ಸಲ ನನ್ನ ಪಕ್ಕದಲ್ಲಿ ಕೂತು ಸುಮ್ಮನೆ ಹರಟೆ ಹೊಡೆದಿದ್ದರೆ ಸಾಕಿತ್ತು.

ಬಂಟ್ವಾಳದಲ್ಲಿ ಹಳೆಯ ರೂಮ್‌ಮೇಟ್ ಒಬ್ಬನ ಮನೆಗೆ ಹೋದಾಗ ಡಿಜಿಟಲ್ ಫೋಟೋ ಫ್ರೇಮನ್ನು ಮೊದಲ ಸಲ ಕಂಡೆ. ಟಿಪಾಯಿಯ ಮೇಲೆ ಪುಸ್ತಕದಷ್ಟು ದೊಡ್ಡ ಪರದೆ. ಫೋಟೋಗಳು ಒಂದರ ಹಿಂದೆ ಒಂದು ತಾವೇ ಬರುತ್ತಿದ್ದವು, ಹೋಗುತ್ತಿದ್ದವು. ಯಾವುದೋ ಹಳೆಯ ಫೋಟೋ ಬಂದದ್ದೇ ತಡ, ಅವನ ಮಗಳು ಒಳಗಿನಿಂದ ಓಡಿ ಬಂದು, “ಉಪ್ಪಾ, ಇಲ್ಲಿ ನಿಮ್ಮ ಪ್ಯಾಂಟ್ ನೋಡಿ, ಬೆಲ್ ಬಾಟಮ್!” ಎಂದು ಅವನ ಭುಜಕ್ಕೆ ಹೊಡೆದು ನಕ್ಕಳು. ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಆಯಿತು. ಬರುವ ಬಸ್ಸಿನಲ್ಲಿಯೇ ತೀರ್ಮಾನ ಮಾಡಿದೆ, ಇದೊಂದು ನಮ್ಮ ಮನೆಗೂ ಬೇಕು.

ಬೇಕು ಅಂದರೆ ಸಿಗಬೇಕಲ್ಲ. ಗುರುವಾಯನಕೆರೆಯ ಅಂಗಡಿಯವನಿಗೆ ಡಿಜಿಟಲ್ ಫೋಟೋ ಫ್ರೇಮ್ ಬೇಕು ಎಂದರೆ, ಹಿಂದಿನಿಂದ ಲೈಟ್ ಉರಿಯುವ ಜಲಪಾತದ ಚಿತ್ರ ತಂದಿಟ್ಟ. ಸ್ವಿಚ್ ಹಾಕಿದರೆ ನೀರು ಬೀಳುತ್ತದೆ, ಹಕ್ಕಿ ಕೂಗುತ್ತದೆ. “ಇದು ಡಿಜಿಟಲ್ಲೇ ಸಾಯ್ಬ್ರೆ, ಹಕ್ಕಿ ಬೇಡ ಅಂದ್ರೆ ಸೌಂಡ್ ಆಫ್ ಮಾಡ್ಲಿಕ್ಕೆ ಉಂಟು” ಎಂದ. ಬೆಳ್ತಂಗಡಿಯಲ್ಲಿ ಸಿಕ್ಕಿದ್ದು ಪೆನ್‌ಡ್ರೈವ್ ಚುಚ್ಚುವ ಜಾತಿಯದ್ದು. ಅದರ ಪರದೆ ಟಿವಿಯ ಹಾಗೆ ಅಡ್ಡಡ್ಡ ಉದ್ದ. ನಮ್ಮ ಹಳೆಯ ಫೋಟೋಗಳ ಅಳತೆಯೇ ಬೇರೆ. ಅಂಥದೇ ಒಂದು ಗ್ರೂಪ್ ಫೋಟೋವನ್ನು ಅಂಗಡಿಯವನು ಅದರಲ್ಲಿ ಹಾಕಿ ತೋರಿಸಿದರೆ ಎಲ್ಲರ ತಲೆ ಹಾರಿಹೋಗಿ ಬರೀ ಹೊಟ್ಟೆಗಳು ಕಂಡವು.

ಕೊನೆಗೆ ಮೂಡುಬಿದಿರೆಯ ಒಂದು ಮೊಬೈಲ್ ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವರು ತಾಳ್ಮೆಯ ಮನುಷ್ಯ. ಹತ್ತು ಇಂಚಿನದು, ಹೆಚ್ಚು ಅಗಲವಿಲ್ಲದ ಪರದೆ, ಬೆಳಕು ಬಿದ್ದರೆ ಕನ್ನಡಿಯಂತೆ ಹೊಳೆಯುವುದಿಲ್ಲ, ಮನುಷ್ಯರು ಎದುರು ಬಂದರೆ ತಾನೇ ಎಚ್ಚರವಾಗುತ್ತದೆ, ಹೋದರೆ ಮಲಗುತ್ತದೆ. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಮನಸ್ಸು ಸೋತದ್ದು ಅವರು ಕೊನೆಗೆ ಹೇಳಿದ ಮಾತಿಗೆ. “ಇದಕ್ಕೆ ವೈಫೈ ಉಂಟು. ಒಂದು ಆ್ಯಪ್ ಉಂಟು. ನಿಮ್ಮವರು ಎಲ್ಲಿ ಕೂತು ಕಳಿಸಿದ್ರೂ ಫೋಟೋ ನಿಮ್ಮ ಮನೆಯ ಫ್ರೇಮಲ್ಲಿ ಬರ್ತದೆ.”

“ಮೂಡುಬಿದಿರೆಯಿಂದ ಕಳಿಸಿದ್ರೆ ಮಡಂತ್ಯಾರಿಗೆ ಬರ್ತದಾ?” ಎಂದು ಕೇಳಿದೆ.

“ಅಮೆರಿಕದಿಂದಲೂ ಬರ್ತದೆ ಮಾರಾಯ್ರೆ” ಎಂದು ಅವರು ನಕ್ಕರು. ಅಮೆರಿಕ ಯಾರಿಗೆ ಬೇಕಿತ್ತು!

ಮನೆಗೆ ತಂದ ಮೇಲೆ ಹೆಂಡತಿಯದು ತಕರಾರು. ಡಬ್ಬ ಬಿಡಿಸುವ ಮೊದಲೇ ಸೊಂಟಕ್ಕೆ ಕೈಕೊಟ್ಟು ನಿಂತಳು. “ನಮಾಜು ಮಾಡುವ ಜಾಗದಲ್ಲಿ ಇದು ಬೇಡ. ಗೋಡೆಗೂ ಬೇಡ. ಅತ್ತೆ ಇದ್ದಿದ್ರೆ ನಿಮ್ಮನ್ನೂ ಇದನ್ನೂ ಒಟ್ಟಿಗೆ ಹೊರಗೆ ಹಾಕ್ತಿದ್ರು.” ನಾನು ವಕೀಲನಂತೆ ವಾದಿಸಿದೆ. ತೂಗುಹಾಕುವುದಿಲ್ಲ, ಮೇಜಿನ ಮೇಲೆ ಇಡುವುದು. ಆಫ್ ಮಾಡಿದರೆ ಚಿತ್ರ ಎಲ್ಲಿ ಉಂಟು? ಬರೀ ಕರಿ ಗಾಜು. ಅವಳು ಒಂದು ದಿನ ಯೋಚಿಸಿದಳು. ಆಮೇಲೆ ತಾನೇ ಕಾನೂನು ಮಾಡಿದಳು. ಐದು ಹೊತ್ತಿನ ಬಾಂಗ್ ಕೇಳಿದೊಡನೆ ಸ್ವಿಚ್ ತೆಗೆಯಬೇಕು, ನಮಾಜು ಮುಗಿದ ಮೇಲೆಯೇ ಹಾಕಬೇಕು. ಅದಕ್ಕೆ ಜವಾಬ್ದಾರ ನಾನು. ಒಮ್ಮೆ ಮರೆತೆ. ಅವಳು ಹಾಲಿನಲ್ಲಿಯೇ ನಮಾಜಿಗೆ ಚಾಪೆ ಹಾಸಿ ನಿಂತಳು, ಪರದೆ ತಟ್ಟನೆ ಎಚ್ಚರಗೊಂಡಿತು, ನೋಡಿದರೆ ಅವಳ ತಮ್ಮ ಬಿರಿಯಾನಿ ತಿನ್ನುತ್ತಿರುವ ಚಿತ್ರ! ಆ ಸಂಜೆ ನನಗೆ ಚಹಾ ಸಿಗಲಿಲ್ಲ.

ಮಗಳು ಆ್ಯಪ್ ಹಾಕಿಕೊಂಡಳು. ಮೊದಲ ದಿನ ಬಂದದ್ದು ಅವಳ ಸ್ಟಾಫ್ ರೂಮಿನ ಕಿಟಕಿ. ಅದರಲ್ಲಿ ಅವಳೂ ಇಲ್ಲ, ಯಾರೂ ಇಲ್ಲ. ಹೊರಗೊಂದು ಗೇರುಮರ, ಒಳಗೆ ಚಹಾದ ಲೋಟ. ಪರೀಕ್ಷೆಗೆಂದು ಕಳಿಸಿದ್ದು ಇರಬೇಕು. ನಾನು ಅದನ್ನು ಎಷ್ಟು ಹೊತ್ತು ನೋಡಿದೆನೋ. ಲೋಟದ ಅಂಚಿನಲ್ಲಿ ಒಂದು ಕಡೆ ಚಹಾದ ಕಲೆ ಇತ್ತು. ಎಡಗೈಯಲ್ಲಿ ಹಿಡಿದು ಕುಡಿದಿದ್ದಾಳೆ ಎಂದು ಲೆಕ್ಕ ಹಾಕಿದೆ. ಆಮೇಲೆ ಕುಟುಂಬದ ಮಿಕ್ಕವರಿಗೂ ಸುದ್ದಿ ಸಿಕ್ಕಿ, ಶುಕ್ರವಾರ ಬಂತೆಂದರೆ ಗುಲಾಬಿ ಹೂವಿನ ‘ಜುಮಾ ಮುಬಾರಕ್’ಗಳು ರಾಶಿ ಬಿದ್ದವು. ಅವುಗಳ ನಡುವೆ ಮಗಳು ಕಳಿಸಿದ್ದು ಎಲ್ಲಿ ಎಂದು ಹುಡುಕುತ್ತ ನಿಲ್ಲುವುದೇ ನನಗೆ ಕೆಲಸವಾಯಿತು.

ಒಂದು ಭಾನುವಾರ ಅವಳೇ ಹೇಳಿದಳು, “ಉಪ್ಪ, ಹಳೇ ಆಲ್ಬಮ್ ತೆಗೆಯುವ. ನಾನು ಫೋನಲ್ಲಿ ಸ್ಕ್ಯಾನ್ ಮಾಡ್ತೇನೆ, ನೀವು ಯಾರ್ಯಾರು ಅಂತ ಹೇಳಿ.” ನಾನು ಕಂಬಳಿಗಳನ್ನು ಎಳೆದು ಹಾಕಿದ ರಭಸಕ್ಕೆ ಹೆಂಡತಿ ಬೈದಳು. ನೆಲದ ಮೇಲೆ ಚಾಪೆ ಹಾಕಿ ಇಬ್ಬರೂ ಕೂತೆವು. ಮಧ್ಯಾಹ್ನದ ಊಟವನ್ನೂ ಅಲ್ಲಿಗೇ ತರಿಸಿಕೊಂಡೆವು. ಅವಳು ಒಂದೊಂದು ಫೋಟೋವನ್ನೂ ಪ್ಲಾಸ್ಟಿಕ್ಕಿನಿಂದ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ನೆರಳು ಬೀಳದಂತೆ ಕ್ಲಿಕ್ ಮಾಡುತ್ತಿದ್ದಳು. ನಾನು ಹೆಸರು ಹೇಳುತ್ತಿದ್ದೆ, ಜೊತೆಗೊಂದು ಕಥೆ. ಅವಳು ನಗುತ್ತಿದ್ದಳು. ನನ್ನ ಮಾತಿಗೆ! ಯಾ ಅಲ್ಲಾಹ್, ಈ ಒಂದು ಮಧ್ಯಾಹ್ನಕ್ಕಾಗಿ ಅಂಥ ಹತ್ತು ಫ್ರೇಮ್ ಬೇಕಾದರೂ ತರಬಹುದಿತ್ತು.

ಆಗ ಆ ಫೋಟೋ ಬಂತು.

ಅದರ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಹೆಂಡತಿಯ ತಂಗಿಯ ಮದುವೆ, ಮಗಳಿಗೆ ಆಗ ನಾಲ್ಕು ವರ್ಷ. ನಾನು ದಮ್ಮಾಮಿನಲ್ಲಿ. ಆ ಕಾಲದಲ್ಲಿ ನಮ್ಮ ಕಡೆ ಗಲ್ಫಿನವರ ಮನೆಯ ಮದುವೆಗಳಲ್ಲಿ ಒಂದು ಕ್ರಮ ಇತ್ತು. ಗ್ರೂಪ್ ಫೋಟೋ ತೆಗೆಯುವಾಗ ಊರಿಗೆ ಬಾರದ ಗಂಡಸಿನ ಜಾಗದಲ್ಲಿ ಅವನದೇ ಮೈಕಟ್ಟಿನ ಒಬ್ಬನನ್ನು ನಿಲ್ಲಿಸುವುದು. ಆಮೇಲೆ ಬಾರದವನು ಕಳಿಸಿದ ಪಾಸ್‌ಪೋರ್ಟ್ ಫೋಟೋದಿಂದ ತಲೆಯನ್ನು ಕತ್ತರಿಸಿ ಸ್ಟುಡಿಯೋದವನು ಆ ಮೈಯ ಮೇಲೆ ಕೂರಿಸುತ್ತಿದ್ದ. ಅಂಟಿಸಿ, ಪೆನ್ಸಿಲಿನಿಂದ ತೀಡಿ, ಮತ್ತೆ ಫೋಟೋ ಹೊಡೆದು ಕೊಡುವುದು. ‘ತಲೆ ಕೂರಿಸುವುದು’ ಎಂದೇ ಅದಕ್ಕೆ ಹೆಸರು. ಹಾಗೆ ನನ್ನ ಜಾಗದಲ್ಲಿ ನಿಂತವನು ಹೆಂಡತಿಯ ತಮ್ಮ, ನೆರಿಯದಲ್ಲಿ ಅಂಗಡಿ ಇಟ್ಟಿರುವ ನನ್ನ ಭಾವ. ಮಗಳು ಅಳುತ್ತಿದ್ದಳಂತೆ, ಎತ್ತಿಕೊಂಡ. ಹಾಗೇ ಫೋಟೋ ಬಿತ್ತು. ಮೈ ಅವನದು, ಮಗಳನ್ನು ಹಿಡಿದ ಎರಡೂ ಕೈ ಅವನದು, ತಲೆ ಮಾತ್ರ ನನ್ನದು.

ಆ ಫೋಟೋದ ಒಂದು ಪ್ರತಿ ನನಗೂ ಬಂದಿತ್ತು. ರೂಮಿನವರಿಗೆಲ್ಲ ತೋರಿಸಿದೆ. ಎಲ್ಲರೂ ಚೆನ್ನಾಗಿ ಕೂತಿದೆ ಎಂದರು. ಮಲಗಿದ ಮೇಲೆ ನನಗೆ ಕಾಣುತ್ತಿದ್ದದ್ದು ಆ ಕೈಗಳು. ಒಂದು ಕೈ ಅವಳ ಮಂಡಿಯ ಅಡಿಯಲ್ಲಿ, ಇನ್ನೊಂದು ಬೆನ್ನಿನ ಮೇಲೆ. ಎಂಟು ತಿಂಗಳ ಮಗುವನ್ನು ಎತ್ತಿದ ಭಾರ ನನಗೆ ಗೊತ್ತಿತ್ತು. ನಾಲ್ಕು ವರ್ಷದವಳು ಎಷ್ಟು ಭಾರ ಎಂದು ಗೊತ್ತಿರಲಿಲ್ಲ.

ಮಗಳು ಫೋಟೋವನ್ನು ಬೆಳಕಿಗೆ ಹಿಡಿದಳು. ಇದು ಕೂರಿಸಿದ ತಲೆ ಎಂದು ಅವಳಿಗೆ ಗೊತ್ತಿದೆ ಎಂದೇ ನಾನು ಅಂದುಕೊಂಡಿದ್ದೆ. ನಗಲು ಬಾಯಿ ಕೂಡ ತೆರೆದಿದ್ದೆ.

“ಇದು ನಂಗೆ ನೆನಪುಂಟು ಉಪ್ಪ” ಎಂದಳು. ಸ್ವರ ಸಣ್ಣಗಾಗಿತ್ತು. “ಸಣ್ಣಾಗಿರುವಾಗಿಂದು ನಿಮ್ಮ ಬಗ್ಗೆ ನಂಗೆ ನೆನಪಿರುವುದು ಇದೊಂದೇ. ಹೊಸ ಚಪ್ಪಲಿ ಕಚ್ಚಿ ಅಳ್ತಾ ಇದ್ದೆ. ನೀವು ಎತ್ತಿಕೊಂಡ್ರಿ. ಶರ್ಟಲ್ಲಿ ಅತ್ತರಿನ ವಾಸನೆ. ಕಿವಿಯಲ್ಲಿ ಎಂತದೋ ಹೇಳಿದ್ರಿ, ನಾನು ನಗಾಡಿದೆ. ನೋಡಿ, ಇಲ್ಲಿ ನಗ್ತಾ ಇದ್ದೇನೆ. ಎಂತ ಹೇಳಿದ್ದು ಅಂತ ಮಾತ್ರ ಮರ್ತು ಹೋಗಿದೆ. ಎಷ್ಟು ಸಲ ಕೇಳಬೇಕು ಅಂತ ಮಾಡಿದ್ದೆ. ಎಂತ ಹೇಳಿದ್ರಿ?”

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳ ಮುಖ ನೋಡಿದೆ. ಅವಳು ಕಣ್ಣು ಕೆಳಗೆ ಹಾಕಿದಳು. ಅತ್ತ ದರಿ, ಇತ್ತ ಪುಲಿ. ಮಗಳು ನನ್ನ ಮುಖವನ್ನು ಎಂದೂ ನೋಡದ ಹಾಗೆ ನೋಡುತ್ತಿದ್ದಳು. ಆ ನೋಟ ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ನಾಲಗೆ ತಾನೇ ತಿರುಗಿತು.

“ಫೋಟೋದವನ ಮೂಗು ನೋಡು, ಬದನೆಕಾಯಿ ಹಾಗೆ ಉಂಟು ಅಂದೆ.”

ಅವಳು ಬಿದ್ದು ಬಿದ್ದು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಹೌದು! ಅದೇ! ಬದನೆಕಾಯಿ! ಈಗ ನೆನಪಾಯ್ತು ಉಪ್ಪ” ಎಂದು ನನ್ನ ಭುಜಕ್ಕೆ ಹೊಡೆದಳು. ಬಂಟ್ವಾಳದ ಆ ಹುಡುಗಿ ಅವಳ ತಂದೆಗೆ ಹೊಡೆದ ಹಾಗೆಯೇ. ನಾನು ಕಾದದ್ದು ಅದಕ್ಕೇ ಅಲ್ಲವೇ? ಸಿಕ್ಕಿತು. ಮುಂದಿನ ಫೋಟೋವನ್ನು ಬೇಗ ಬಿಡಿಸಿ ಅವಳ ಕೈಗಿಟ್ಟೆ.

ಅವಳು ಹೋದ ಮೇಲೆ ಹೆಂಡತಿ ಬಾಯಿಬಿಟ್ಟಳು. “ಸಣ್ಣಾಗಿರುವಾಗ ಆ ಫೋಟೋ ಹಿಡ್ಕೊಂಡು ಕೇಳ್ತಿದ್ಳು, ಉಪ್ಪ ನನ್ನನ್ನು ಎತ್ತಿಕೊಂಡಿದ್ರಾ ಅಂತ. ಇಲ್ಲ ಅಂತ ಹೇಗೆ ಹೇಳುವುದು? ಶಾಲೆಯಲ್ಲಿ ಬೇರೆ ಮಕ್ಕಳ ತಂದೆಯರು ಬಂದು ಕರ್ಕೊಂಡು ಹೋಗ್ತಿದ್ರು. ಹೌದು, ಮದುವೆಗೆ ಎರಡು ದಿನ ಬಂದು ಹೋದ್ರು ಅಂದೆ. ಒಮ್ಮೆ ಅಂದ ಮೇಲೆ ಮತ್ತೆ ಬದಲಿಸ್ಲಿಕ್ಕೆ ಆಗಲಿಲ್ಲ.” ಅವಳಿಗೆ ಬೈಯಲು ಹೊರಟವನು ಸುಮ್ಮನಾದೆ. ಅವಳದಾದರೂ ಅಳುವ ಮಗುವಿಗೆ ಹೇಳಿದ ಮಾತು. ನಾನು ಸುಳ್ಳು ಹೇಳಿದ್ದು ಮೂವತ್ತು ವರ್ಷದವಳಿಗೆ, ನನ್ನ ಆಸೆಗೆ.

ಮಗಳು ಆ ಫೋಟೋವನ್ನೇ ಫ್ರೇಮಿನ ಮೊದಲನೆಯದಾಗಿ ಇಟ್ಟಳು. ಈ ಯಂತ್ರದ ಒಂದು ಗುಣ ನನಗೆ ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ಕರೆಂಟ್ ಹೋಗಿ ಬಂದರೆ ಅದು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುವುದಿಲ್ಲ, ಮತ್ತೆ ಮೊದಲಿನಿಂದಲೇ ಶುರು. ಜೂನ್ ತಿಂಗಳು, ನಮ್ಮ ಊರಿನ ಕರೆಂಟ್, ಹೇಳಬೇಕೇ? ಒಂದು ಗಾಳಿ ಬೀಸಿದರೆ ಹೋಯಿತು. ಬಂದಾಗಲೆಲ್ಲ ಆ ಫೋಟೋ. ಸಾಲದ್ದಕ್ಕೆ ಐದು ಹೊತ್ತು ನಾನೇ ಸ್ವಿಚ್ ತೆಗೆದು ಹಾಕುವವನು. ಹಾಕಿದರೆ ಆ ಫೋಟೋ. ನನ್ನ ಗಡ್ಡದ ಕೆಳಗಿನ ಪೆನ್ಸಿಲ್ ಗೆರೆ ಆಲ್ಬಮ್ಮಿನಲ್ಲಿ ಕಾಣುತ್ತಿರಲಿಲ್ಲ, ಹತ್ತು ಇಂಚಿನ ಪರದೆಯಲ್ಲಿ ನನಗೆ ರಸ್ತೆಯಷ್ಟು ಅಗಲ ಕಾಣುತ್ತಿತ್ತು. ಅವಳು ಮಾತ್ರ ಈಗ ದಿನಾ ಫೋನ್ ಮಾಡುತ್ತಿದ್ದಳು. ತಾಯಿಗಲ್ಲ, ನನಗೆ. “ಬದನೆಕಾಯಿ ಹೇಗುಂಟು?” ಎಂದು ಶುರು ಮಾಡುತ್ತಿದ್ದಳು. ನಾನು ನಗುತ್ತಿದ್ದೆ. ಫೋನ್ ಇಟ್ಟ ಮೇಲೆ ನನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಅದೇ ತಿಂಗಳು ನೆರಿಯದಿಂದ ಭಾವ ಬಂದ. ಒದ್ದೆ ಕೊಡೆಯನ್ನು ಹೊರಗೆ ಬಿಡಿಸಿಟ್ಟು ಒಳಗೆ ಕಾಲಿಟ್ಟದ್ದೇ, ಫ್ರೇಮ್ ಎಚ್ಚರವಾಯಿತು. ಆಗಷ್ಟೇ ಕರೆಂಟ್ ಬಂದಿತ್ತು.

“ಅರೆ, ಇದು ನಾನಲ್ವಾ!” ಎಂದ. ಮತ್ತೆ ಹತ್ತಿರ ಹೋಗಿ, ತನ್ನ ಕೈಗಳನ್ನು ತಾನೇ ನೋಡಿ, “ಆಗ ಎಷ್ಟು ಸಪೂರ ಇದ್ದೆ ನೋಡಿ ಭಾವ” ಎಂದು ನಕ್ಕ. ನನಗೆ ಅವನ ಮೇಲೆ ಹೊಟ್ಟೆಯುರಿ ಇವತ್ತು ನಿನ್ನೆಯದಲ್ಲ. ಅವಳಿಗೆ ಸೈಕಲ್ ಕಲಿಸಿದವನು ಅವನು, ಜ್ವರ ಬಂದರೆ ಆಸ್ಪತ್ರೆಗೆ ಎತ್ತಿಕೊಂಡು ಓಡಿದವನು ಅವನು. ಅದಕ್ಕೆಲ್ಲ ನಾನು ಅವನಿಗೆ ವಾಚು, ಸೆಂಟು ತಂದುಕೊಡುತ್ತಿದ್ದೆ. ಕುಳಿತುಕೊಳ್ಳಲು ಹೇಳಿ, ಎಲ್ಲವನ್ನೂ ಬಿಡಿಸಿ ಹೇಳಿದೆ. ಬದನೆಕಾಯಿಯನ್ನೂ.

ಅವನು ನಗಲಿಲ್ಲ. “ಇರಲಿ ಬಿಡಿ ಭಾವ. ಕೈ ಯಾರದಾದ್ರೆ ಎಂತ? ನಾನು ಯಾರ ಹತ್ರವೂ ಹೇಳುವುದಿಲ್ಲ.”

“ನೀನು ನಿಜವಾಗಿ ಅವಳ ಕಿವಿಯಲ್ಲಿ ಎಂತ ಹೇಳಿದ್ದು?”

“ಅಯ್ಯೋ, ಅದಾ?” ಅವನು ತಲೆ ಕೆರೆದುಕೊಂಡ. “ಅಳು ನಿಲ್ಲಿಸ್ತಾನೇ ಇರಲಿಲ್ಲ ಮಾರಾಯ್ರೆ. ಫೋಟೋದವನಿಗೆ ಅವಸರ. ಆ ಕ್ಯಾಮರಾ ನೋಡು, ಅದರ ಒಳಗಿಂದ ಉಪ್ಪ ನೋಡ್ತಾ ಇದ್ದಾರೆ, ಉಪ್ಪನಿಗೆ ಒಂದು ನಗು ಅಂದೆ. ತಕ್ಷಣ ನಕ್ಕಳು.”

ನಾನು ಎದ್ದು ಹಿತ್ತಿಲ ಬಾಗಿಲಿಗೆ ಹೋಗಿ ನಿಂತೆ. ಅಳು ಬಂತು. ಅರುವತ್ತರ ಗಂಡಸು ಭಾವನ ಎದುರು ಅಳಬಾರದೆಂದು ಹೊರಗೆ ಹೋದೆ, ಅಷ್ಟೆ. ಆ ನಗು ಅವಳು ನನಗೆಂದು ನಕ್ಕದ್ದು. ಇಪ್ಪತ್ತಾರು ವರ್ಷ ಅದು ನನಗೆ ಗೊತ್ತೇ ಇರಲಿಲ್ಲ. ಈಗ ಗೊತ್ತಾಗುವ ಹೊತ್ತಿಗೆ ಅದರ ಮೇಲೆ ನಾನೇ ಒಂದು ಬದನೆಕಾಯಿ ಕೂರಿಸಿಬಿಟ್ಟಿದ್ದೆ. ಸ್ಟುಡಿಯೋದವನು ಮಾಡಿದ್ದು ಹೊಟ್ಟೆಪಾಡಿಗೆ, ನಾನು ಮಾಡಿದ್ದು ಎಂಥದು?

ಮುಂದಿನ ಭಾನುವಾರ ಮಗಳು ಬಂದಾಗ ಹೇಳಿದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆ ಗೊತ್ತಿದ್ದೇ ಹೇಳಿದೆ. ಪೆನ್ಸಿಲ್ ಗೆರೆಯನ್ನು ಬೆರಳಿಟ್ಟು ತೋರಿಸಿದೆ. ಕೈ ಮಾಮನದು, ಶರ್ಟ್ ಮಾಮನದು, ಅತ್ತರು ಮಾಮನದು ಎಂದೆ. ಮಾಮ ಕಿವಿಯಲ್ಲಿ ಹೇಳಿದ ಮಾತನ್ನೂ ಹೇಳಿದೆ. ಆದರೆ ಅಷ್ಟು ಹೊತ್ತಿಗೆ ಅವಳು ಕೇಳಿಸಿಕೊಳ್ಳುತ್ತಿದ್ದಳೋ ಇಲ್ಲವೋ.

“ಬದನೆಕಾಯಿ?” ಎಂದಳು.

“ಅದು ನಾನು ಕಟ್ಟಿದ್ದು.”

“ಹಾಗಾದ್ರೆ ಆರು ವರ್ಷದವರೆಗೆ ನಿಮ್ಮದು ಅಂತ ನನ್ನ ಹತ್ರ ಎಂತದೂ ಇಲ್ಲ.”

“ಇಲ್ಲ.”

ಅವಳು ತಾಯಿಯ ಕಡೆ ನೋಡಿದಳು. “ನೀವೂ ಇದರಲ್ಲಿ ಸೇರಿದ್ರಿ” ಎಂದಳು, ಅಷ್ಟೇ. ಬ್ಯಾಗು ತೆಗೆದುಕೊಂಡಳು. ಊಟಕ್ಕೆ ಕೋಳಿ ಸಾರು ಆಗಿತ್ತು, ನೀರುದೋಸೆಯ ಹಿಟ್ಟು ತಯಾರಿತ್ತು, ಯಾವುದೂ ಅವಳನ್ನು ನಿಲ್ಲಿಸಲಿಲ್ಲ. ಆ ದಿನ ಸಂಜೆಯ ಅಸರ್ ನಮಾಜಿನ ನಂತರ ಸ್ವಿಚ್ ಹಾಕಿದಾಗ ಮೊದಲು ಬಂದದ್ದು ಒಂದು ಹಲಸಿನ ಹಣ್ಣಿನ ಚಿತ್ರ. ಬಸ್ಸಿನಲ್ಲಿ ಕೂತೇ ಆ ಫೋಟೋವನ್ನು ಅಳಿಸಿದ್ದಳು.

ಅದಾದ ಮೇಲೆ ಫೋನಿಲ್ಲ. ಎರಡು ಭಾನುವಾರ ಬರಲಿಲ್ಲ. ಪರೀಕ್ಷೆ ಪೇಪರ್ ತಿದ್ದಲಿಕ್ಕೆ ಉಂಟು ಎಂದು ತಾಯಿಗೆ ಮೆಸೇಜು. ಶುಕ್ರವಾರದ ಗುಲಾಬಿಗಳು ಬಂದವು, ಅವಳದು ಒಂದೂ ಬರಲಿಲ್ಲ. ನಾನು ಫ್ರೇಮಿನ ಎದುರು ಹೋಗಿ ನಿಲ್ಲುವುದು, ಅದು ಎಚ್ಚರವಾಗುವುದು, ಹೊಸದೇನೂ ಇಲ್ಲವೆಂದು ತಿಳಿದು ಹಿಂದೆ ಸರಿಯುವುದು. ಹೆಂಡತಿ ನೋಡಿ ನೋಡಿ ಸಾಕಾಗಿ, “ಅದನ್ನು ಡಬ್ಬದಲ್ಲಿ ಹಾಕಿ ಮೇಲೆ ಇಡಿ” ಎಂದಳು. ಬೇಡ ಎಂದೆ. ಹೇಳಬಾರದಿತ್ತೋ ಏನೋ ಎಂದು ಒಂದು ಗಂಟೆ, ಹೇಳಿದ್ದೇ ಸರಿ ಎಂದು ಇನ್ನೊಂದು ಗಂಟೆ, ಹೀಗೇ ದಿನ ಹೋಗುತ್ತಿತ್ತು.

ಮೂರನೆಯ ಭಾನುವಾರ ಬಂದಳು. ಚಪ್ಪಲಿ ಬಿಟ್ಟು, ಅಡುಗೆಮನೆಗೆ ಹೋಗದೆ, ನನ್ನ ಎದುರಿನ ಕುರ್ಚಿಯಲ್ಲಿ ಕೂತಳು. ನಾನು ಪೇಪರ್ ಕೆಳಗಿಟ್ಟೆ. ಊಟ ಆಯ್ತಾ ಎಂದು ಕೇಳುತ್ತಾಳೆ ಎಂದು ಕಾದೆ. ಕೇಳಲಿಲ್ಲ.

“ಆ ದಿನ ನೀವು ಎಲ್ಲಿದ್ರಿ?” ಎಂದಳು.

“ಯಾವ ದಿನ?”

“ಮದುವೆಯ ದಿನ. ಫೋಟೋದಲ್ಲಿ ನೀವಿರಲಿಲ್ಲ ಅಂದ್ರಿ. ಸರಿ. ಹಾಗಾದ್ರೆ ಎಲ್ಲಿದ್ರಿ? ಎಂತ ಮಾಡ್ತಿದ್ರಿ?”

ಇಪ್ಪತ್ತನಾಲ್ಕು ವರ್ಷದಲ್ಲಿ ಈ ಮನೆಯಲ್ಲಿ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಯಾವಾಗ ಬರುತ್ತೀರಿ ಎಂದು ಕೇಳಿದ್ದಾರೆ, ಎಷ್ಟು ದಿನ ಇರುತ್ತೀರಿ ಎಂದು ಕೇಳಿದ್ದಾರೆ. ಇಲ್ಲಿ ಇಲ್ಲದಾಗ ನಾನು ಎಲ್ಲಿದ್ದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

“ಬೆಳಿಗ್ಗೆ ಲೋಡ್ ಇತ್ತು” ಎಂದೆ. “ಐಸಲ್ಲಿಟ್ಟ ಕೋಳಿಯ ಬಾಕ್ಸುಗಳು. ಇಲ್ಲಿ ನಿಕಾಹ್ ಆಗುವ ಹೊತ್ತಿಗೆ ಎರಡು ಗಂಟೆ ರಜೆ ಕೇಳಿಕೊಂಡು ಫೋನ್ ಬೂತಿಗೆ ಹೋದೆ. ಕ್ಯೂ ಇತ್ತು. ನಮಗೆ ಆಗ ಫೋನಿಲ್ಲ ಅಲ್ವಾ, ಪಕ್ಕದ ಮನೆಯ ನಂಬ್ರಕ್ಕೆ ಮಾಡುವುದು.”

“ಅವರು ಮದುವೆಗೆ ಬಂದಿರ್ಬೇಕಲ್ಲ?”

“ಬಂದಿದ್ರು. ಎಲ್ಲರೂ ಮದುವೆಯಲ್ಲಿ ಅಂತ ನಂಗೆ ಗೊತ್ತುಂಟು. ಗೊತ್ತಿದ್ದೇ ಮಾಡಿದ್ದು.”

“ಎಂತಕ್ಕೆ?”

“ರಿಂಗ್ ಆಗ್ತದಲ್ಲ” ಎಂದೆ. “ನಮ್ಮ ಮನೆಯ ಪಕ್ಕದಲ್ಲೇ ಅಲ್ವಾ ರಿಂಗ್ ಆಗುವುದು. ಅದನ್ನೇ ಕೇಳ್ತಾ ನಿಂತಿದ್ದೆ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಮಗಳು ಕುರ್ಚಿಯಿಂದ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು.

“ಎಷ್ಟು ಹೊತ್ತು?”

“ಹಿಂದೆ ಕ್ಯೂನಲ್ಲಿದ್ದವ ಬೆನ್ನಿಗೆ ಕುಟ್ಟುವವರೆಗೆ.”

“ಮತ್ತೆ?” ಎಂದಳು.

ಮತ್ತೆ ಗೋದಾಮಿಗೆ ಹೇಗೆ ನಡೆದುಕೊಂಡು ಹೋದೆ, ದಾರಿಯಲ್ಲಿ ಯಾರು ಸಿಕ್ಕಿದರು, ಸಂಜೆ ರೂಮಿನಲ್ಲಿ ಮದುವೆಯ ಲೆಕ್ಕದಲ್ಲಿ ನಾನೇ ಎಲ್ಲರಿಗೂ ಹೇಗೆ ತುಪ್ಪದನ್ನ ಮಾಡಿ ಬಡಿಸಿದೆ ಎಂದು ನಾನು ಹೇಳತೊಡಗಿದೆ.